ಬಡಾವಣೆಯ ಮೈದಾನದಲ್ಲಿ ವಾರದ ಸಂತೆ ಕೂಡಿಸಬೇಕೆಂದಿದ್ದೇವೆ, ಅನುಭವ ಇದ್ದವರು ಹೇಳಿ

ಬೈಲಂಚು, ಶಿರಸಿ

ಎಲ್ಲರಿಗೂ ನಮಸ್ಕಾರ. ಶಿರಸಿ ಪೇಟೆಯಿಂದ ಮೂರು ಕಿಲೋಮೀಟರ್ ಆಚೆಯ ಬಡಾವಣೆ ನಮ್ಮದು. ಹತ್ತು ವರ್ಷಗಳ ಹಿಂದೆ ನಲವತ್ತು ಮನೆಗಳಿದ್ದವು, ಈಗ ಇನ್ನೂರು ದಾಟಿವೆ. ಬಡಾವಣೆಯ ಕೊನೆಗೆ, ರಸ್ತೆ ತಿರುಗುವಲ್ಲಿ, ಎರಡು ಎಕರೆಯಷ್ಟು ಸಾರ್ವಜನಿಕ ಮೈದಾನ ಹೇಗೋ ಉಳಿದುಕೊಂಡಿದೆ. ಗಣೇಶನ ಹಬ್ಬ, ಬೇಸಿಗೆಯಲ್ಲಿ ಒಂದು ಕ್ರಿಕೆಟ್ ಪಂದ್ಯಾವಳಿ, ವರ್ಷಕ್ಕೊಂದು ಯಕ್ಷಗಾನ ಬಿಟ್ಟರೆ ಉಳಿದ ದಿನಗಳಲ್ಲಿ ಅದು ಯಾರದ್ದೂ ಅಲ್ಲ. ಹಳೆಯ ಮನೆ ಒಡೆದ ಮಣ್ಣನ್ನು ತಂದು ಸುರಿಯುತ್ತಾರೆ. ರಾತ್ರಿ ಕುಡಿದು ಬಾಟಲಿ ಒಡೆಯುತ್ತಾರೆ.

ಈಗ ಅಲ್ಲಿ ಕಾಂಕ್ರೀಟ್ ಹಾಸಿ, ಮೂರು ಬದಿ ಮಳಿಗೆ ಕಟ್ಟುವ ಮಾತು ಎದ್ದಿದೆ. ನಾವು ಹತ್ತಾರು ಮನೆಯವರು ಬೇಡ ಎಂದು ಮನವಿ ಕೊಟ್ಟಿದ್ದೇವೆ. ಆದರೆ ಬರೀ ಬೇಡ ಎಂದು ಕುಳಿತರೆ ಮೈದಾನ ಉಳಿಯುವುದಿಲ್ಲ. ಪಾಳುಬಿದ್ದ ಜಾಗದ ಮೇಲೆ ಎಲ್ಲರ ಕಣ್ಣು. ಅದಕ್ಕೇ ವಾರಕ್ಕೊಮ್ಮೆ ಸಂತೆ ಕೂಡಿಸೋಣ, ಆಗಾಗ ಒಂದು ಕಾರ್ಯಕ್ರಮ ಇಟ್ಟುಕೊಳ್ಳೋಣ ಎಂದು ಹೊರಟಿದ್ದೇವೆ.

ನಾನು ಬೆಳೆದದ್ದು ಶಿರಸಿಯ ಜಾತ್ರೆ ನಡೆಯುವ ಬಿಡಕಿಬೈಲಿಗೆ ಐದು ನಿಮಿಷ ನಡೆದರೆ ಸಿಗುವ ಮನೆಯಲ್ಲಿ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ತೇರಿನಲ್ಲಿ ಬಂದು ಅಲ್ಲಿನ ಗದ್ದುಗೆಯ ಮೇಲೆ ಕೂರುತ್ತಾಳೆ. ಮಂಗಳವಾರ ಕಲ್ಯಾಣ, ಬುಧವಾರ ರಥ, ಮುಂದಿನ ಬುಧವಾರ ವಿಸರ್ಜನೆ. ಅಷ್ಟು ದಿನ ಕಾಲಿಡಲು ಜಾಗ ಇರುವುದಿಲ್ಲ. ದೇವಿ ಹೊರಟ ಮೇಲೆ ಮಾತಂಗಿಯ ಚಪ್ಪರಕ್ಕೆ ಬೆಂಕಿ ಇಡುತ್ತಾರೆ. ಅಂಗಡಿಗಳವರು ಗಂಟು ಕಟ್ಟುತ್ತಾರೆ. ಆಮೇಲೆ ನಾವು ಹುಡುಗರು ಹೋಗಿ ಗೂಟ ಕಿತ್ತ ಗುಂಡಿಗಳಲ್ಲಿ ಕೈಹಾಕಿ ಚಿಲ್ಲರೆ ಕಾಸು ಹುಡುಕುತ್ತಿದ್ದೆವು. ಬಳೆಚೂರು, ತೊಟ್ಟಿಲಿನ ಚೀಟಿ, ಒಮ್ಮೆ ನನಗೊಂದು ಹಿತ್ತಾಳೆಯ ಗೆಜ್ಜೆ ಸಿಕ್ಕಿತ್ತು. ಲಕ್ಷಗಟ್ಟಲೆ ಜನ ತುಳಿದ ನೆಲ ಮತ್ತೆ ಬಯಲಾಗಿ ನಮ್ಮ ಆಟಕ್ಕೆ ಸಿಗುತ್ತಿತ್ತು. ಮೈದಾನ ಎಂದರೆ ನನ್ನ ಮನಸ್ಸಿಗೆ ಬರುವುದು ಇದೇ. ತುಂಬಬೇಕು, ತುಂಬಿದ ಮೇಲೆ ಬರಿದಾಗಬೇಕು.

ಕೇಳಬೇಕಾದದ್ದು ಇಷ್ಟು. ಯಾವ ವಾರ ಇಟ್ಟುಕೊಳ್ಳಬೇಕು? ಅನುಮತಿ ಎಲ್ಲಿ ಪಡೆಯಬೇಕು? ಮಾರುವವರಿಂದ ಹಣ ತೆಗೆದುಕೊಳ್ಳಬೇಕೇ? ಮಳೆಗಾಲದ ನಾಲ್ಕು ತಿಂಗಳು ಏನು ಮಾಡಬೇಕು?

ಬುಧವಾರದ ಸಂತೆ, ಕುಮಟಾ

ಮೊದಲು ವಾರದ ಮಾತು, ಉಳಿದದ್ದೆಲ್ಲ ಆಮೇಲೆ. ಸಂತೆಯ ವ್ಯಾಪಾರಿಗೆ ವಾರ ಎಂದರೆ ಒಂದು ಸುತ್ತು. ಮಂಗಳವಾರ ನಿಮ್ಮ ಶಿರಸಿ, ಬುಧವಾರ ನಮ್ಮ ಕುಮಟಾ, ಭಾನುವಾರ ಕಾರವಾರ, ನಡುವಿನ ದಿನಗಳಿಗೂ ಒಂದೊಂದು ಊರು ಇದ್ದೇ ಇದೆ. ಹಾವೇರಿ, ಹಾನಗಲ್, ಹುಬ್ಬಳ್ಳಿ ಕಡೆಯಿಂದ ತರಕಾರಿ ತರುವವರು ಈ ಸುತ್ತಿನ ಮೇಲೆಯೇ ಬದುಕುತ್ತಾರೆ. ಸೋಮವಾರ ಅಥವಾ ಬುಧವಾರ ನೀವು ಸಂತೆ ಇಟ್ಟರೆ ಮಂಗಳವಾರದ ಸಂತೆಯ ಪಕ್ಕದಲ್ಲಿ ಅದು ಸೊರಗುತ್ತದೆ. ಶುಕ್ರವಾರ ಸಂಜೆ ಅಥವಾ ಶನಿವಾರ ಸಂಜೆ ಇಟ್ಟುಕೊಳ್ಳಿ. ಬಡಾವಣೆಯವರು ಕೆಲಸ ಮುಗಿಸಿ ಮನೆಗೆ ಬರುವ ಹೊತ್ತು ಅದು.

ಇನ್ನೊಂದು ಮಾತು. ದೊಡ್ಡ ವ್ಯಾಪಾರಿಗಳನ್ನು ಕರೆಯುವ ಮುಂಚೆ ಹತ್ತು ಕಿಲೋಮೀಟರ್ ಒಳಗಿನ ಬೆಳೆಗಾರರನ್ನು ಕೂರಿಸಿ. ನಮ್ಮ ಕಡೆ ಬೇಸಿಗೆ ಬಂತೆಂದರೆ ಅಳ್ವೆಕೋಡಿ, ವನ್ನಳ್ಳಿ, ಹಂದಿಗೋಣದ ಸಿಹಿ ಈರುಳ್ಳಿ ಹೆದ್ದಾರಿಯ ಬದಿಯಲ್ಲಿ ಗೊಂಚಲು ಗೊಂಚಲಾಗಿ ತೂಗುತ್ತದೆ. ಕಾರು ನಿಲ್ಲಿಸಿ ಕೊಂಡು ಹೋಗುತ್ತಾರೆ. ಅದನ್ನು ಯಾರೂ ಜಾಹೀರಾತು ಕೊಟ್ಟು ಮಾರಲಿಲ್ಲ. ಸೊಪ್ಪಿನ ಸಮೇತ ಜಡೆ ಹೆಣೆದು ತೂಗುಹಾಕಿದ್ದೇ ಜಾಹೀರಾತು. ನಿಮ್ಮಲ್ಲೂ ಹಾಗೆ ಕಣ್ಣಿಗೆ ಕಾಣುವ ಒಂದು ಬೆಳೆ ಇರಬೇಕು.

ಹಳೆಯ ಕಡತ, ಶಿರಸಿ

ನಾನು ಸ್ಥಳೀಯ ಸಂಸ್ಥೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಅನುಮತಿಯ ಬಗ್ಗೆ ತಿಳಿದಷ್ಟು ಹೇಳುತ್ತೇನೆ.

ಮೈದಾನ ಯಾರ ಹೆಸರಿನಲ್ಲಿದೆ ಎಂದು ಮೊದಲು ಪಹಣಿ ಮತ್ತು ಬಡಾವಣೆಯ ನಕ್ಷೆ ತೆಗೆಸಿ ನೋಡಿ. ನಕ್ಷೆಯಲ್ಲಿ ಆಟದ ಬಯಲು ಅಥವಾ ಉದ್ಯಾನ ಎಂದು ಬಿಟ್ಟ ಜಾಗವಾಗಿದ್ದರೆ ಅಲ್ಲಿ ಮಳಿಗೆ ಕಟ್ಟುವುದನ್ನು ಪ್ರಶ್ನಿಸಲು ನಿಮ್ಮ ಕೈಯಲ್ಲಿ ಗಟ್ಟಿ ಕಾಗದ ಇದ್ದಂತೆ. ನಗರಸಭೆಯ ವ್ಯಾಪ್ತಿಯಾದರೆ ಪೌರಾಯುಕ್ತರಿಗೆ, ಪಂಚಾಯಿತಿಯಾದರೆ ಅಭಿವೃದ್ಧಿ ಅಧಿಕಾರಿಗೆ ಅರ್ಜಿ. ಬಾಯಿಮಾತಿನಲ್ಲಿ ಒಪ್ಪಿಗೆ ಪಡೆಯಬೇಡಿ. ಅರ್ಜಿ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯನ್ನು ಓದಿಕೊಳ್ಳಿ. ಪಟ್ಟಣ ಮಾರಾಟ ಸಮಿತಿಯ ಸದಸ್ಯರಲ್ಲಿ ಶೇಕಡಾ 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು ಎಂದು ಅದರಲ್ಲಿದೆ. ನಿಮ್ಮ ಸಂತೆಯ ಸಮಿತಿಯನ್ನೂ ಅದೇ ಲೆಕ್ಕದಲ್ಲಿ ಮಾಡಿಕೊಳ್ಳಿ. ಕೊಳ್ಳುವವರೇ ಕುಳಿತು ಮಾರುವವರಿಗೆ ನಿಯಮ ಬರೆದ ಸಮಿತಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಒಂದೂ ಬಾಳಲಿಲ್ಲ.

ಹಣದ ವಿಚಾರ. ದೊಡ್ಡ ಸಂತೆಗಳಲ್ಲಿ ಸುಂಕ ವಸೂಲಿಯನ್ನು ವರ್ಷಕ್ಕೊಮ್ಮೆ ಹರಾಜು ಹಾಕುತ್ತಾರೆ. ಹರಾಜು ಕೂಗಿದವನು ಕೊಟ್ಟ ಹಣವನ್ನು ಎತ್ತಲೇಬೇಕಲ್ಲ, ಬುಟ್ಟಿಗಿಷ್ಟು ಎಂದು ಕಟ್ಟುನಿಟ್ಟಾಗಿ ಕೇಳುತ್ತಾನೆ. ಎರಡು ಕಟ್ಟು ಬಸಳೆ ತಂದವಳಿಗೂ ಲಾರಿಯಲ್ಲಿ ಟೊಮೆಟೊ ತಂದವನಿಗೂ ವ್ಯತ್ಯಾಸ ಉಳಿಯುವುದಿಲ್ಲ. ನಿಮ್ಮ ಸಂತೆ ಎಷ್ಟೇ ಬೆಳೆದರೂ ವಸೂಲಿಯನ್ನು ಹೊರಗಿನವರ ಕೈಗೆ ಕೊಡಬೇಡಿ. ಮೊದಲ ಆರು ತಿಂಗಳು ಯಾರಿಂದಲೂ ಒಂದು ರೂಪಾಯಿ ತೆಗೆದುಕೊಳ್ಳಬೇಡಿ.

ವಿದ್ಯುನ್ಮಾನ ತಕ್ಕಡಿ ಇಟ್ಟುಕೊಳ್ಳುವವರು ಅದಕ್ಕೆ ಪ್ರತಿ ವರ್ಷ ಸರ್ಕಾರದ ಮುದ್ರೆ ಹಾಕಿಸಬೇಕು. ಕೊಂಡ ತರಕಾರಿಯನ್ನು ಯಾರು ಬೇಕಾದರೂ ಮತ್ತೊಮ್ಮೆ ತೂಗಿ ನೋಡಿಕೊಳ್ಳುವ ಹಾಗೆ ಮೈದಾನದ ಬಾಗಿಲಲ್ಲಿ ಸಮಿತಿಯದ್ದೇ ಒಂದು ತಕ್ಕಡಿ ಇಟ್ಟುಬಿಡಿ. ಜಗಳ ಅರ್ಧ ಕಡಿಮೆಯಾಗುತ್ತದೆ.

ಅಂಕೋಲೆಯ ಮಗಳು

ಮೇಲಿನವರು ಕಾಯ್ದೆ ಹೇಳಿದರು. ನಾನು ಕೂರುವವರ ಕಡೆಯಿಂದ ಹೇಳುತ್ತೇನೆ. ನನ್ನ ಅವ್ವ ನಲವತ್ತು ವರ್ಷ ಸಂತೆಯಲ್ಲಿ ತರಕಾರಿ ಮಾರಿದಳು. ಹಾಲಕ್ಕಿ ಸಮುದಾಯದವರು ನಾವು. ಹಿಂದಿನ ಸಂಜೆ ಹರಿವೆ, ಮೂಲಂಗಿ, ಬಸಳೆ ಕಿತ್ತು, ಬಾವಿಕಟ್ಟೆಯಲ್ಲಿ ತೊಳೆದು, ಬಾಳೆನಾರಿನಿಂದ ಕಟ್ಟು ಕಟ್ಟಿ, ಬುಟ್ಟಿಗೆ ಜೋಡಿಸಿ ಮೇಲೆ ಒದ್ದೆ ಬಟ್ಟೆ ಮುಚ್ಚುತ್ತಿದ್ದಳು. ಬೆಳಗಿನ ಜಾವ ಮೊದಲ ಬಸ್ಸು. ಬುಟ್ಟಿಯನ್ನು ಬಸ್ಸಿನೊಳಗೆ ಬಿಡುವುದಿಲ್ಲ ಎಂದು ಎಷ್ಟೋ ಸಲ ಇಳಿಸಿದ್ದಾರೆ.

ಸಂತೆಗೆ ಹೋದರೆ ಮೊದಲ ಚಿಂತೆ ಜಾಗದ್ದು. ಅವ್ವನಿಗೆ ಒಂದು ಮರದ ಬುಡ ಇತ್ತು. ಅಲ್ಲೇ ಕೂರುತ್ತಿದ್ದಳು, ಕೊಳ್ಳುವವರು ಅಲ್ಲೇ ಹುಡುಕಿಕೊಂಡು ಬರುತ್ತಿದ್ದರು. ಒಂದು ವಾರ ಯಾರೋ ಆ ಜಾಗದಲ್ಲಿ ಬಟ್ಟೆಯ ಗಾಡಿ ನಿಲ್ಲಿಸಿದರು. ಅವ್ವ ರಸ್ತೆಯ ಆಚೆ ಬದಿ ಬಿಸಿಲಲ್ಲಿ ಕುಳಿತಳು. ಹನ್ನೊಂದು ಗಂಟೆಗೆ ಸೊಪ್ಪು ಬಾಡಿತು. ಅರ್ಧ ಬುಟ್ಟಿ ದನಕ್ಕೆ ಹಾಕಿ ಬಂದಳು. ಅವತ್ತು ರಾತ್ರಿ ಅವಳು ಊಟ ಮಾಡಲಿಲ್ಲ.

ಇನ್ನೊಂದು ವಿಷಯವನ್ನು ಹೆಂಗಸರು ಸಭೆಯಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತೇನೆ. ಸಂತೆಯ ದಿನ ಅವ್ವ ಬೆಳಗಿನಿಂದ ನೀರು ಕುಡಿಯುತ್ತಿರಲಿಲ್ಲ. ಹೋಗಲು ಶೌಚಾಲಯ ಇರಲಿಲ್ಲ. ಬುಟ್ಟಿ ಬಿಟ್ಟು ಹೋಗುವ ಹಾಗೂ ಇರಲಿಲ್ಲ. ಮೇ ತಿಂಗಳ ಬಿಸಿಲಲ್ಲಿ ಎಂಟು ಗಂಟೆ ನೀರಿಲ್ಲದೆ ಕೂರುವುದು ಎಂದರೆ ಏನೆಂದು ಯೋಚಿಸಿ. ಕೊನೆಗೆ ಮೂತ್ರಕೋಶದ ತೊಂದರೆಗೆ ಔಷಧಿ ಮಾಡಿಸಬೇಕಾಯಿತು.

ನೀವು ವೇದಿಕೆ ಕಟ್ಟಬೇಡಿ, ಕಮಾನು ಕಟ್ಟಬೇಡಿ. ನೆರಳು, ಕುಡಿಯುವ ನೀರು, ಬಾಗಿಲು ಭದ್ರವಾಗಿ ಮುಚ್ಚುವ ಶೌಚಾಲಯ, ಪ್ರತಿ ವಾರವೂ ಅದೇ ಜಾಗ. ಈ ನಾಲ್ಕನ್ನು ಕೊಟ್ಟರೆ ಹೆಂಗಸರು ತಾವಾಗಿಯೇ ಬರುತ್ತಾರೆ. ಹೆಂಗಸರು ಬಂದರೆ ಸಂತೆ ನಿಲ್ಲುತ್ತದೆ.

ಸೋಂದಾ ತೋಟ

ಅಂಕೋಲೆಯ ತಂಗಿ ಬರೆದದ್ದನ್ನು ಓದಿ ಮನಸ್ಸು ಕಲಕಿತು. ನಾನು ಇಷ್ಟು ವರ್ಷ ಸಂತೆಯಲ್ಲಿ ಕೊಂಡವಳು, ಈ ಬದಿಯನ್ನು ಯೋಚಿಸಿಯೇ ಇರಲಿಲ್ಲ.

ಬೈಲಂಚಿನವರೇ, ನಮ್ಮ ಸ್ವಸಹಾಯ ಸಂಘದ ಎಂಟು ಜನ ಬರುತ್ತೇವೆ. ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್, ತೊಡೆದೇವು, ಜೋನಿಬೆಲ್ಲ, ಮುರುಗಲು ಸಿಪ್ಪೆ, ಒಣಗಿಸಿದ ಸೂಜಿಮೆಣಸು ನಮ್ಮಲ್ಲಿವೆ. ಅಪ್ಪೆಮಿಡಿಯ ಕಾಲದಲ್ಲಿ ಉಪ್ಪಿನಲ್ಲಿ ಹಾಕಿದ ಮಿಡಿ ಭರಣಿಗಟ್ಟಲೆ ಇರುತ್ತದೆ. ತಿನಿಸು ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಿಕೊಳ್ಳಬೇಕು. ನಮ್ಮದು ಆಗಿದೆ, ಉಳಿದವರಿಗೆ ಅರ್ಜಿ ತುಂಬಿಕೊಡಲು ನಮ್ಮ ಮನೆಯ ಹುಡುಗ ಸಿದ್ಧನಿದ್ದಾನೆ.

ತೊಡೆದೇವನ್ನು ಅಲ್ಲೇ ಮಾಡಿ ತೋರಿಸುವ ಆಸೆ ನನಗಿದೆ. ಮಡಕೆಯನ್ನು ಒಲೆಯ ಮೇಲೆ ಬೋರಲು ಹಾಕಿ, ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಕೋಲಿಗೆ ಸುತ್ತಿದ ಬಟ್ಟೆಯಿಂದ ಒಂದೇ ಎಳೆತಕ್ಕೆ ಬಳಿಯಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಕಾಗದದ ಹಾಗೆ ಏಳುತ್ತದೆ. ಪೊಟ್ಟಣದಲ್ಲಿ ಕೊಂಡು ತಿನ್ನುವ ಮಕ್ಕಳಿಗೆ ಇದು ಎಲ್ಲಿಂದ ಬಂತೆಂದು ಗೊತ್ತಿಲ್ಲ. ಬಿಸಿಯಾಗಿ ಮಡಿಸುವಾಗ ಬರುವ ಆ ಪರಿಮಳ ಅವರ ಮೂಗಿಗೆ ಬೀಳಲಿ.

ಮೈದಾನದ ಎದುರುಮನೆ

ಈ ಮೈದಾನ ಯಾವುದೆಂದು ನನಗೆ ಗೊತ್ತಾಯಿತು. ನನ್ನ ಮನೆ ಅದರ ಎದುರಿಗೇ ಇದೆ, ಆದ್ದರಿಂದ ಹೇಳಲೇಬೇಕು. ನನಗೆ ಒಪ್ಪಿಗೆ ಇಲ್ಲ.

ಗಣೇಶೋತ್ಸವದಲ್ಲಿ ಮೂರು ರಾತ್ರಿ ಧ್ವನಿವರ್ಧಕ. ನಮ್ಮ ತಂದೆಗೆ ಎಂಬತ್ತೆರಡು ವರ್ಷ, ಹೃದಯದ ಶಸ್ತ್ರಚಿಕಿತ್ಸೆ ಆಗಿದೆ. ಕಿಟಕಿಯ ಗಾಜು ನಡುಗುವಷ್ಟು ಸದ್ದಿಗೆ ಅವರು ಎದೆ ಹಿಡಿದುಕೊಂಡು ಕೂರುತ್ತಾರೆ. ಕ್ರಿಕೆಟ್ ಆದಾಗ ನಮ್ಮ ಗೇಟಿನ ಮುಂದೆ ಅಡ್ಡಾದಿಡ್ಡಿ ಬೈಕುಗಳು. ಕಳೆದ ವರ್ಷ ಅವರನ್ನು ರಾತ್ರಿ ಆಸ್ಪತ್ರೆಗೆ ಒಯ್ಯಬೇಕಾದಾಗ ಕಾರು ಹೊರಗೆ ತೆಗೆಯಲು ಹದಿನೈದು ನಿಮಿಷ ಹಿಡಿಯಿತು. ಕಾರ್ಯಕ್ರಮ ಮುಗಿದ ಮೇಲೆ ತಟ್ಟೆ ಲೋಟ ಎಲ್ಲ ಗಾಳಿಗೆ ನಮ್ಮ ಅಂಗಳಕ್ಕೆ. ಇನ್ನು ಪ್ರತಿ ವಾರ ಸಂತೆ ಎಂದರೆ ಕೊಳೆತ ಸೊಪ್ಪು, ಬೀಡಾಡಿ ದನ, ನಾಯಿ. ನಮ್ಮ ಗತಿ ಏನು?

ಬೈಲಂಚು, ಶಿರಸಿ

ಎದುರುಮನೆಯವರೇ, ನೀವು ಬರೆದದ್ದು ಒಳ್ಳೆಯದಾಯಿತು. ನಿಮ್ಮ ತಂದೆಯವರು ನನಗೆ ಪರಿಚಯ, ಬೆಳಿಗ್ಗೆ ನಡೆಯುವಾಗ ಮಾತಾಡಿಸುತ್ತಾರೆ. ಕಾರು ತೆಗೆಯಲಾಗದ ಆ ರಾತ್ರಿಯ ಸಂಗತಿ ಗೊತ್ತಿರಲಿಲ್ಲ. ಆ ಪಂದ್ಯಾವಳಿಯ ಸಮಿತಿಯಲ್ಲಿ ನಾನೂ ಇದ್ದೆ. ಕ್ಷಮೆ ಕೇಳುತ್ತೇನೆ.

ಸಂತೆಗೆ ಧ್ವನಿವರ್ಧಕ ಇರುವುದಿಲ್ಲ, ಇದು ನನ್ನ ಮಾತು. ನಿಮ್ಮ ಸಾಲಿನ ಆರು ಮನೆಗಳ ಮುಂದೆ ಹಗ್ಗ ಕಟ್ಟಿ ವಾಹನ ನಿಲ್ಲದಂತೆ ಇಬ್ಬರು ಹುಡುಗರನ್ನು ನಿಲ್ಲಿಸುತ್ತೇವೆ. ಕತ್ತಲಾಗುವ ಮುಂಚೆ ಗುಡಿಸಿ ಮುಗಿಸುತ್ತೇವೆ. ನೀವೇ ಸಮಿತಿಯಲ್ಲಿ ಇರಬೇಕೆಂದು ಕೇಳಿಕೊಳ್ಳುತ್ತೇನೆ. ನಾಲ್ಕು ವಾರ ನೋಡಿ. ತೊಂದರೆ ಎನಿಸಿದರೆ ನಿಲ್ಲಿಸುವ ಮಾತನ್ನು ನಾನೇ ಎತ್ತುತ್ತೇನೆ.

ಚೌಕಿಮನೆ, ಹೊನ್ನಾವರ

ಸದ್ದಿನ ವಿಚಾರ ಬಂತು. ಮೂವತ್ತು ವರ್ಷದಿಂದ ಬಯಲಾಟ ಆಡಿಸುತ್ತಿದ್ದೇನೆ, ಆದ್ದರಿಂದ ಒಂದು ಮಾತು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆಂದು ವರ್ಷದಲ್ಲಿ ಹೆಚ್ಚೆಂದರೆ ಹದಿನೈದು ದಿನ ಮಧ್ಯರಾತ್ರಿಯವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ಬೆಳಗಿನವರೆಗೆ ನಡೆಯುತ್ತಿದ್ದ ಆಟ ಈಗ ಬಹಳ ಕಡೆ ಕಾಲಮಿತಿಯ ಆಟವಾಗಿದೆ. ನನಗೆ ಅದರಲ್ಲಿ ನೋವಿದೆ. ನಸುಕಿನಲ್ಲಿ ಭಾಗವತರು ಮೋಹನ ರಾಗ ಎತ್ತಿ ಮಂಗಳ ಹಾಡುವ ಹೊತ್ತಿಗೆ ಇಬ್ಬನಿಯಲ್ಲಿ ಕಂಬಳಿ ಹೊದ್ದು ಕುಳಿತ ಜನರ ಮುಖ ನೋಡಿದವನು ನಾನು. ಆದರೆ ಎದುರುಮನೆಯ ಹಿರಿಯರ ಎದೆ ನಡುಗಿಸಿ ಆಡುವ ಆಟ ನನಗೂ ಬೇಡ.

ಮೈದಾನಕ್ಕೆ ಕಾಂಕ್ರೀಟ್ ಬೇಡ ಎನ್ನುವ ನಿಮ್ಮ ಹಟಕ್ಕೆ ನನ್ನ ಪೂರ್ಣ ಬೆಂಬಲ. ರಂಗಸ್ಥಳಕ್ಕೆ ನಾಲ್ಕು ಕಂಬ ಹುಗಿಯಬೇಕು. ಮಣ್ಣಿನ ನೆಲದಲ್ಲಿ ಹಾರೆಯಿಂದ ಹತ್ತು ನಿಮಿಷದ ಕೆಲಸ. ಕಾಂಕ್ರೀಟಾದರೆ ಕಬ್ಬಿಣದ ಚೌಕಟ್ಟನ್ನು ಬಾಡಿಗೆಗೆ ತರಬೇಕು, ಖರ್ಚು ಏರುತ್ತದೆ, ಸಣ್ಣ ಮೇಳ ಆ ಮೈದಾನಕ್ಕೆ ಬರುವುದಿಲ್ಲ. ಮಂಡಿ ಹಾಕಿ ಕುಣಿಯುವ ಹುಡುಗನ ಮೊಣಕಾಲಿಗೂ ಮಣ್ಣೇ ಒಳ್ಳೆಯದು.

ಕೋಡಿಬಾಗ, ಕಾರವಾರ

ನಮ್ಮ ಊರಿನ ಎರಡು ಚಿತ್ರ ಹೇಳುತ್ತೇನೆ. ರವೀಂದ್ರನಾಥ ಟ್ಯಾಗೋರ್ ಕಡಲತೀರದ ಮಯೂರವರ್ಮ ವೇದಿಕೆಯಲ್ಲಿ ಕರಾವಳಿ ಉತ್ಸವ ನಡೆಯುತ್ತದೆ. ದೊಡ್ಡ ಗಾಯಕರು ಬರುತ್ತಾರೆ, ಮರಳಿನ ಮೇಲೆ ಜನಸಾಗರ. ಚೆನ್ನಾಗಿಯೇ ಇರುತ್ತದೆ, ನಾನೂ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಮುಗಿದ ಮೇಲೆ ಮತ್ತೆ ಯಾವಾಗ ಎಂದು ಕಾಯಬೇಕು.

ಇನ್ನೊಂದು ಭಾನುವಾರದ ಸಂತೆ. ಅದಕ್ಕೆ ಆಮಂತ್ರಣ ಪತ್ರಿಕೆ ಇಲ್ಲ. ಪೇಟೆಯ ರಸ್ತೆಗಳೇ ಮೈದಾನ. ಘಟ್ಟದ ಮೇಲಿನ ಮೆಣಸಿನಕಾಯಿ, ಅಂಕೋಲೆಯ ಸೊಪ್ಪು, ಗೋವೆಯ ಗಡಿಯಿಂದ ಕೊಳ್ಳಲು ಬರುವವರು. ಕನ್ನಡ, ಕೊಂಕಣಿ, ಮರಾಠಿ ಮೂರರಲ್ಲೂ ಚೌಕಾಸಿ. ಬೇರೆಡೆ ಕೆಲಸಕ್ಕಿರುವವರು ರಜೆಗೆ ಬಂದರೆ ಮೊದಲು ವಿಚಾರಿಸುವುದು ಭಾನುವಾರ ಊರಲ್ಲಿರುತ್ತೇವೋ ಎಂದು. ಹಳೆಯ ಸಹಪಾಠಿಗಳು ಸಿಗುವುದು ಅಲ್ಲೇ. 2020ರ ಲಾಕ್‌ಡೌನಿನಲ್ಲಿ ಸಂತೆ ನಿಂತಾಗ ತರಕಾರಿ ಹೇಗೋ ಮನೆಬಾಗಿಲಿಗೆ ಬಂತು. ಆದರೆ ಭಾನುವಾರ ಬಂದಂತೆಯೇ ಅನಿಸಲಿಲ್ಲ. ನಮ್ಮ ತಾಯಿ ಚೀಲ ಹಿಡಿದು ಬಾಗಿಲವರೆಗೆ ಹೋಗಿ ಮರಳಿ ಬಂದದ್ದು ನನ್ನ ಕಣ್ಣಮುಂದೆ ಇದೆ.

ಮೀನನ್ನೂ ಯೋಚಿಸಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಅದಕ್ಕಾಗಿಯೇ ಏಪ್ರಿಲ್, ಮೇ ತಿಂಗಳಲ್ಲಿ ಒಣಮೀನಿನ ವ್ಯಾಪಾರ ಜೋರು. ಮಳೆಗಾಲಕ್ಕೆಂದು ಒಣಬಂಗಡೆ, ಒಣಶೆಟ್ಲಿ ಕಟ್ಟಿಟ್ಟುಕೊಳ್ಳುವ ಮನೆಗಳು ಘಟ್ಟದ ಮೇಲೂ ಬೇಕಾದಷ್ಟಿವೆ. ಎಲ್ಲರೂ ಮೀನು ತಿನ್ನುವವರಲ್ಲ ಎಂಬುದು ಗೊತ್ತು. ಗಾಳಿ ಬೀಸುವ ದಿಕ್ಕು ನೋಡಿ ಮೂಲೆಯೊಂದನ್ನು ಬೇರೆ ಇಟ್ಟರೆ ಯಾರಿಗೂ ತೊಂದರೆ ಇಲ್ಲ. ಮೀನಿನವರನ್ನು ಹೊರಗಿಟ್ಟು ಊರ ಸಂತೆ ಎನ್ನಬೇಡಿ.

ಕಟ್ಟೆ ಕಟ್ಟಿ ಕೆಟ್ಟವರು

ನಮ್ಮ ಊರಿನ ಹೆಸರು ಹೇಳುವುದಿಲ್ಲ. ಕರಾವಳಿಯ ಒಂದು ಪಟ್ಟಣ. ನಮ್ಮಲ್ಲಿ ಹದಿನೈದು ವರ್ಷದ ಹಿಂದೆ ಇದೇ ಉತ್ಸಾಹದಲ್ಲಿ ಸಂತೆಕಟ್ಟೆ ಕಟ್ಟಿಸಿದೆವು. ನಾನೇ ಓಡಾಡಿ ಅನುದಾನ ತರಿಸಿದವನು. ಸೊಂಟದೆತ್ತರದ ಸಿಮೆಂಟಿನ ಕಟ್ಟೆಗಳು, ಮೇಲೆ ತಗಡು. ಉದ್ಘಾಟನೆಯ ದಿನ ಎಲ್ಲರೂ ಹೊಗಳಿದರು.

ಎರಡನೆಯ ತಿಂಗಳಿಗೆ ಹೆಂಗಸರು ಕಟ್ಟೆಯಿಂದ ಇಳಿದು ರಸ್ತೆಯ ಬದಿಗೆ ಬಂದು ಕುಳಿತರು. ನಾನು ಸಿಟ್ಟಿನಿಂದ ಕೇಳಿದೆ, ಇಷ್ಟು ಖರ್ಚು ಮಾಡಿ ಕಟ್ಟಿಸಿದ್ದೇವಲ್ಲ, ಯಾಕೆ ಇಲ್ಲಿ ಕೂತಿರಿ ಎಂದು. ಒಬ್ಬ ಅಜ್ಜಿ ಹೇಳಿದಳು, ಕಟ್ಟೆ ಹತ್ತಿ ಇಳಿಯಲು ಮೊಣಕಾಲು ಬರುವುದಿಲ್ಲ, ತಗಡಿನ ಕೆಳಗೆ ಬೇಯುತ್ತೇವೆ, ನಿಂತುಕೊಂಡು ಮಾರಲು ನಮಗೆ ಗೊತ್ತಿಲ್ಲ, ಕೊಳ್ಳುವವರೂ ಬಗ್ಗಿ ಆರಿಸಿಯೇ ರೂಢಿ. ಕಟ್ಟುವ ಮುಂಚೆ ಅವರಲ್ಲಿ ಒಬ್ಬರನ್ನೂ ನಾವು ಕೇಳಿರಲಿಲ್ಲ. ಈಗ ಆ ಕಟ್ಟೆಗಳ ಮೇಲೆ ಹಳೆಯ ಬ್ಯಾನರ್, ಸೈಕಲ್ ಟಯರ್ ಬಿದ್ದಿವೆ. ದಾರಿಯಲ್ಲಿ ಹೋಗುವಾಗಲೆಲ್ಲ ನೋಯುತ್ತದೆ.

ಮರ ನೆಡಿ. ಹೊಂಗೆ, ನೇರಳೆ ಐದಾರು ವರ್ಷಕ್ಕೆ ನೆರಳು ಕೊಡುತ್ತವೆ. ಅಲ್ಲಿಯವರೆಗೆ ಅಡಿಕೆ ದಬ್ಬೆಯ ಚಪ್ಪರಕ್ಕೆ ಸೋಗೆ ಹೊದೆಸಿ.

ಸಿದ್ದಾಪುರದವಳು, ಸಿಡ್ನಿಯಿಂದ

ಇಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ಈ ದೇಶದಲ್ಲಿ ಊರೂರಿಗೂ, ನಗರದ ಹೊರವಲಯಗಳಿಗೂ ಪ್ರದರ್ಶನದ ಮೈದಾನ ಎಂದೇ ಒಂದು ಬಯಲು ಇರುತ್ತದೆ. ವರ್ಷಕ್ಕೊಮ್ಮೆ ಅಲ್ಲಿನ ಕೃಷಿ ಸಂಘ ಮೇಳ ನಡೆಸುತ್ತದೆ. ದನ, ಕುರಿ, ಕೋಳಿ, ಕುಂಬಳಕಾಯಿಗಳಿಗೆ ಬಹುಮಾನ. ಮನೆಯಲ್ಲಿ ಮಾಡಿದ ಜಾಮು, ಉಪ್ಪಿನಕಾಯಿ, ಕೇಕುಗಳನ್ನು ಸಾಲಾಗಿ ಇಟ್ಟು ತೀರ್ಪುಗಾರರು ರುಚಿ ನೋಡುತ್ತಾರೆ. ಉಳಿದ ದಿನಗಳಲ್ಲಿ ಅದೇ ಬಯಲು ವಾರದ ಮಾರುಕಟ್ಟೆಗೆ, ಹಳೆಯ ಸಾಮಾನಿನ ಮಾರಾಟಕ್ಕೆ, ನಾಯಿಗಳ ಸ್ಪರ್ಧೆಗೆ, ಬೇರೆ ಬೇರೆ ದೇಶದವರ ಹಬ್ಬಗಳಿಗೆ ಬಾಡಿಗೆಗೆ ಹೋಗುತ್ತದೆ. 2019ರ ಕೊನೆ, 2020ರ ಆರಂಭದ ಭಾರೀ ಕಾಳ್ಗಿಚ್ಚಿನಲ್ಲಿ ಮನೆಬಿಟ್ಟು ಬಂದವರು ತಮ್ಮ ಕುದುರೆ, ನಾಯಿಗಳ ಸಮೇತ ತಂಗಿದ್ದು ಇಂಥ ಮೈದಾನಗಳಲ್ಲೇ. ನೀರು, ಶೌಚಾಲಯ, ವಿಶಾಲ ಬಯಲು ಮೊದಲೇ ಇದ್ದುದರಿಂದ ಸಾಧ್ಯವಾಯಿತು.

ಇದನ್ನು ಯಾಕೆ ಬರೆದೆನೆಂದರೆ, ನಮ್ಮ ಜಿಲ್ಲೆಯಲ್ಲಿ ಪ್ರತಿ ಮಳೆಗಾಲ ಹೊಳೆ ಏರುತ್ತದೆ, ಗುಡ್ಡ ಜರಿಯುತ್ತದೆ. ಊರಿಗೊಂದು ಬಯಲು ಅಂಥ ದಿನಕ್ಕೂ ಬೇಕು.

ಬೈಲಂಚು ಅಣ್ಣ, ವರ್ಷಕ್ಕೊಮ್ಮೆ ಉಪ್ಪಿನಕಾಯಿಯ ಸ್ಪರ್ಧೆ ಇಡಿ. ಮಿಡಿ ಉಪ್ಪಿನಕಾಯಿಯಲ್ಲಿ ನಮ್ಮ ದೊಡ್ಡಮ್ಮನ ಕೈಯನ್ನು ಮೀರಿಸುವವರು ಯಾರೆಂದು ನನಗೆ ನೋಡಬೇಕಾಗಿದೆ. ಮೊದಲ ಬಹುಮಾನದ ಹಣ ನಾನು ಕಳಿಸುತ್ತೇನೆ.

ಜೊಯಿಡಾ ಕಾಡು

ಸ್ಪರ್ಧೆ, ಪ್ರದರ್ಶನ ಎಂದಾಗ ನೆನಪಾಯಿತು. ನಮ್ಮ ಜೊಯಿಡಾದಲ್ಲಿ ಕುಣಬಿ ಸಮುದಾಯದವರು ಗಡ್ಡೆ ಗೆಣಸಿನ ಮೇಳ ನಡೆಸುತ್ತಾರೆ. ಮುಡ್ಲಿ, ಕೋನ, ಕೆಸು, ಸುವರ್ಣಗಡ್ಡೆ ನೆಲದ ಮೇಲೆ ರಾಶಿ ಬಿದ್ದಿರುತ್ತವೆ. ಕಾಡಂಚಿನ ಮನೆಯ ಹಿತ್ತಿಲಲ್ಲಿ ಮೌನವಾಗಿ ಬೆಳೆದದ್ದಕ್ಕೆ ಊರವರೆಲ್ಲ ಬಂದು ಹೆಸರು ಕೇಳುತ್ತಾರೆ, ಬೇಯಿಸುವ ಬಗೆ ಕೇಳುತ್ತಾರೆ. ಬೆಳೆದವರ ಮುಖದಲ್ಲಿ ಆಗ ಕಾಣುವ ಹಿಗ್ಗನ್ನು ಬರೆದು ತಿಳಿಸಲಾರೆ. ನಿಮ್ಮ ಸಂತೆಯಲ್ಲಿ ಪ್ರತಿ ಬುಟ್ಟಿಯ ಮುಂದೆ ಬೆಳೆದ ಊರಿನ ಹೆಸರು ಬರೆದಿಡಿ.

ಬೈಲಂಚು, ಶಿರಸಿ (ಐದು ವಾರಗಳ ನಂತರ)

ಎಲ್ಲರಿಗೂ ವರದಿ ಒಪ್ಪಿಸಬೇಕು.

ಅನುಮತಿಗೆ ಮೂರು ಸಲ ಅಲೆದಾಡಿದೆವು. ಹಳೆಯ ಕಡತದವರು ಹೇಳಿದಂತೆ ನಕ್ಷೆ ತೆಗೆಸಿದಾಗ ಅದು ಆಟದ ಬಯಲು ಎಂದೇ ಇತ್ತು. ಮಳಿಗೆಯ ಮಾತು ಸದ್ಯಕ್ಕೆ ತಣ್ಣಗಾಗಿದೆ. ತಾತ್ಕಾಲಿಕ ಒಪ್ಪಿಗೆ ಆರು ತಿಂಗಳಿಗೆ ಸಿಕ್ಕಿದೆ.

ಮೊದಲ ಶನಿವಾರ ಹದಿನಾಲ್ಕು ಜನ ಮಾರಲು ಬಂದರು. ಹಿಂದಿನ ದಿನವೇ ಹುಡುಗರು ಬಾಟಲಿ ಚೂರು ಆರಿಸಿದ್ದರು, ಆರು ಗೋಣಿಚೀಲ ತುಂಬಿತು. ಸುಣ್ಣದ ಪುಡಿಯಿಂದ ಗೆರೆ ಎಳೆದು ಜಾಗಕ್ಕೊಂದು ಸಂಖ್ಯೆ ಹಾಕಿದೆವು. ಜಾಗ ಆರಿಸಿಕೊಂಡವರು ಮಾರುವವರೇ. ಹುಲೇಕಲ್ ಕಡೆಯಿಂದ ಬಂದ ಒಬ್ಬ ಅಜ್ಜಿ ಗೆರೆಗಳನ್ನೆಲ್ಲ ದಾಟಿ ಹೋಗಿ ಮಾವಿನ ಮರದ ಕೆಳಗೆ ಗೋಣಿ ಹಾಸಿ ಕುಳಿತರು. ನಮ್ಮ ಹುಡುಗನೊಬ್ಬ ಏಳಿಸಲು ಹೊರಟಿದ್ದ. ಅಂಕೋಲೆಯ ತಂಗಿ ಬರೆದದ್ದು ನೆನಪಾಯಿತು, ತಡೆದೆ. ಗೆರೆಯನ್ನೇ ಅಲ್ಲಿಯವರೆಗೆ ಎಳೆದೆವು. ಈಗ ಅದು ಒಂದನೆಯ ಸಂಖ್ಯೆಯ ಜಾಗ. ಐದು ವಾರವೂ ಅವರು ಅಲ್ಲೇ ಕುಳಿತಿದ್ದಾರೆ.

ಎರಡನೆಯ ವಾರ ಇಪ್ಪತ್ತೆರಡು ಜನ. ಮೂರನೆಯ ವಾರ ಅಕಾಲದ ಮಳೆ ಬಂದು ಎಂಟೇ ಜನ, ಅವರ ಸೊಪ್ಪೂ ನೆನೆದುಹೋಯಿತು. ಉಳಿದದ್ದನ್ನು ನಾವು ಬಡಾವಣೆಯವರೇ ಹಂಚಿಕೊಂಡು ಕೊಂಡೆವು. ನಾಲ್ಕನೆಯ ವಾರ ಮೂವತ್ತೊಂದು. ಸೋಂದಾದ ಅಕ್ಕನ ತೊಡೆದೇವಿನ ಮಡಕೆಯ ಸುತ್ತ ಮಕ್ಕಳು ಮೂರು ಸಾಲು ನಿಂತಿದ್ದರು. ಒಂದು ಪುಟ್ಟ ಹುಡುಗಿ ತಾನೂ ಎಳೆಯುತ್ತೇನೆ ಎಂದು ಹಟ ಹಿಡಿದಳು. ಅಕ್ಕ ಅವಳ ಕೈಹಿಡಿದು ಬಟ್ಟೆ ಎಳೆಸಿದರು. ಹರಿದುಹೋದ ಆ ತೊಡೆದೇವನ್ನು ಅವಳು ಯಾರಿಗೂ ಕೊಡದೆ ತಿಂದಳು.

ಮೀನಿನವರು ನಾಲ್ಕನೆಯ ವಾರದಿಂದ ಬರುತ್ತಿದ್ದಾರೆ, ಪೂರ್ವದ ಮೂಲೆಯಲ್ಲಿ. ಒಂದಿಬ್ಬರು ಗೊಣಗಿದರು. ಮಾತಾಡಿ ಒಪ್ಪಿಸಿದೆವು.

ಶೌಚಾಲಯ ಇನ್ನೂ ಆಗಿಲ್ಲ. ಮೂರು ಮನೆಯವರು ಶನಿವಾರ ತಮ್ಮ ಮನೆಯ ಹೊರಗಿನ ಶೌಚಾಲಯವನ್ನು ಬಿಟ್ಟುಕೊಟ್ಟಿದ್ದಾರೆ. ಆ ಗೇಟುಗಳಿಗೆ ಹಸಿರು ಬಟ್ಟೆ ಕಟ್ಟಿದ್ದೇವೆ, ಮಾರುವ ಹೆಂಗಸರಿಗೆಲ್ಲ ಗುರುತು ತಿಳಿಸಿದ್ದೇವೆ. ಮೂವರಲ್ಲಿ ಒಬ್ಬರು ಎದುರುಮನೆಯವರು.

ಮೈದಾನದ ಎದುರುಮನೆ

ಹೌದು, ನಾನೇ. ಹಗ್ಗ ಕಟ್ಟಿದ್ದರಿಂದ ಗೇಟು ಖಾಲಿ ಇತ್ತು. ಸದ್ದಿರಲಿಲ್ಲ. ಎರಡನೆಯ ವಾರ ಕೋಸಿನ ಎಲೆ ರಾಶಿ ಬಿದ್ದಿತ್ತು, ಫೋನ್ ಮಾಡಿದ ಮೇಲೆ ತೆಗೆದರು. ಮುಂದೆ ಫೋನ್ ಮಾಡುವ ಮುಂಚೆಯೇ ತೆಗೆಯಬೇಕು ಎಂದು ಸಮಿತಿಗೆ ತಿಳಿಸಿದ್ದೇನೆ.

ತಂದೆಯವರು ಮೊದಲ ಎರಡು ವಾರ ಜಗುಲಿಯಲ್ಲಿ ಕುಳಿತು ನೋಡಿದರು. ಮೂರನೆಯ ವಾರ ಮಳೆಯಲ್ಲಿ ಕೊಡೆ ಹಿಡಿದು ತಾವೇ ನಡೆದು ಹೋಗಿ ಬಸಳೆ ತಂದರು. ಅವರು ಒಂಟಿಯಾಗಿ ರಸ್ತೆ ದಾಟಿ ಎರಡು ವರ್ಷವಾಗಿತ್ತು. ಆ ಮಾವಿನ ಮರದ ಅಜ್ಜಿ ಇವರ ಬಾಲ್ಯದ ಊರಿನವರಂತೆ. ಈಗ ಶನಿವಾರ ಮಧ್ಯಾಹ್ನ ಎರಡು ಗಂಟೆಗೇ ಅಂಗಿ ಹಾಕಿಕೊಂಡು ಸಿದ್ಧರಾಗಿ ಕೂರುತ್ತಾರೆ.

ಅಂಕೋಲೆಯ ಮಗಳು

ಹಸಿರು ಬಟ್ಟೆಯ ಸಂಗತಿಯನ್ನು ಅವ್ವನಿಗೆ ಓದಿ ಹೇಳಿದೆ. ಮತ್ತೊಮ್ಮೆ ಓದು ಎಂದಳು.

ಮೇ ತಿಂಗಳಲ್ಲಿ ಕರಿ ಇಶಾಡು ಮಾವು ಬರುತ್ತದೆ. 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಸಿಪ್ಪೆ ತೆಳು, ಬೇಗ ಕೆಡುತ್ತದೆ, ದೂರಕ್ಕೆ ಹೋಗುವುದಿಲ್ಲ. ಶಿರಸಿಗೆ ಬಸ್ಸಿನಲ್ಲಿ ತರಬಹುದು. ನಾನು ಮತ್ತು ನನ್ನ ಅಣ್ಣ ಒಂದು ಶನಿವಾರ ಬರುತ್ತೇವೆ, ಅವ್ವನನ್ನೂ ಕರೆತರುತ್ತೇವೆ. ಅವಳು ಈಗ ಮಾರುವುದಿಲ್ಲ, ಕೂರುತ್ತಾಳೆ ಅಷ್ಟೆ. ನೆರಳಿನ ಜಾಗ ಒಂದು ಇಟ್ಟಿರಿ.

ಬೈಲಂಚು, ಶಿರಸಿ

ಮಾವಿನ ಮರದ ಇನ್ನೊಂದು ಬದಿ ಖಾಲಿ ಇದೆ. ಎರಡನೆಯ ಸಂಖ್ಯೆ ಅವ್ವನ ಹೆಸರಿಗೆ ಬರೆದಿದ್ದೇನೆ. ಯಾವ ಶನಿವಾರ ಎಂದು ಮೊದಲೇ ತಿಳಿಸಿ, ಬಸ್‌ ನಿಲ್ದಾಣಕ್ಕೆ ಗಾಡಿ ಕಳಿಸುತ್ತೇವೆ. ಬುಟ್ಟಿಗಳನ್ನು ಇಳಿಸಿಕೊಳ್ಳಲು ನಾನೇ ಬರುತ್ತೇನೆ.